ತೆಳು ತಗಡಿನ ಮೇಲೆ ನಿಂತ ಕೈ

ಬೆಳಗಿನ ಪೂಜೆಗೆ ಕೂತ ಸ್ವಲ್ಪ ಹೊತ್ತಿಗೇ ಚಿದಾನಂದಪ್ಪನಿಗೆ ತನ್ನ ಕಣ್ಣು ಲಿಂಗದ ಮೇಲಿಲ್ಲ, ಎದುರು ಗೋಡೆಯ ಗೂಟದ ಮೇಲಿದೆ ಎಂದು ಗೊತ್ತಾಯಿತು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವಿತ್ತು. ವಿಭೂತಿ ಒಣಗಿ ಹಣೆ ಬಿಗಿದಿತ್ತು. ಬಾಯಿ ತನ್ನ ಪಾಡಿಗೆ ಮಂತ್ರ ಹೇಳುತ್ತಿತ್ತು. ಗೂಟದಲ್ಲಿ ಹೆಂಡತಿ ಶಿವಬಸಮ್ಮನ ಎಣ್ಣೆ ಡಬ್ಬಿ ತೂಗುತ್ತಿತ್ತು. ಆಕೆ ಲಿಂಗೈಕ್ಯಳಾಗಿ, ಗಣಾರಾಧನೆಯೂ ಮುಗಿದು, ಬಂದ ನೆಂಟರೆಲ್ಲ ತಿರುಗಿ ಹೋದ ಮೇಲೆ ಮನೆಯಲ್ಲಿ ಆಕೆಯ ಸಾಮಾನುಗಳು ಒಂದೊಂದಾಗಿ ಅವನ ಕಣ್ಣಿಗೆ ಬೀಳತೊಡಗಿದ್ದವು. ಇಷ್ಟು ವರ್ಷ ಅವು ಅಲ್ಲೇ ಇದ್ದರೂ ಒಮ್ಮೆಯೂ ಕಂಡಿರಲಿಲ್ಲ. ಪೂಜೆಯಲ್ಲಿ ಒಂದೆಡೆ ನಿಲ್ಲಬೇಕಾದ ದೃಷ್ಟಿ ಅವನಿಗೆ ಎಂದೂ ನಿಂತದ್ದಿಲ್ಲ. ಅದನ್ನು ಯಾರಿಗೂ ಹೇಳಿದ್ದೂ ಇಲ್ಲ. ಎದ್ದು ಹೊರಬರುವಾಗ ಮುಖದ ಮೇಲೆ ಒಂದು ಶಾಂತಿಯನ್ನು ಎಳೆದುಕೊಂಡು ಬರುವುದು ಮಾತ್ರ ಚೆನ್ನಾಗಿ ರೂಢಿಯಾಗಿತ್ತು. ಆ ಶಾಂತಿಯನ್ನು ಶಿವಬಸಮ್ಮ ನಂಬಿದ್ದಳೋ, ಗಂಡನ ಮುಖ ಬಾಡಬಾರದೆಂದು ನಂಬಿದವಳಂತೆ ಇದ್ದಳೋ, ಕೇಳಿ ತಿಳಿಯೋಣವೆಂದರೆ ಈಗ ಆಕೆ ಇಲ್ಲ.

ಡಬ್ಬಿ ಸೋರುತ್ತಿತ್ತು. ಇದು ಇವತ್ತಿನ ಮಾತಲ್ಲ. ಆಕೆ ಕಾಯಿಲೆ ಬಿದ್ದ ಮೇಲೆ ಒಂದು ಮಧ್ಯಾಹ್ನ, ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಒಂದ್ಸಲ ಕುರುಗೋಡಿಗೆ ಎಣ್ಣಿ ಮುಟ್ಟಿಸಬೇಕು ನೋಡ್ರಿ. ನಾ ಹೋದಿಂದಾದ್ರೂ ಅಡ್ಡಿ ಇಲ್ಲ. ಅದಾ ಡಬ್ಬ್ಯಾಗ ಒಯ್ರಿ. ಮದ್ಲು ಒಂದೀಟು ಬೆಸೀರಿ ಅದನ್ನ," ಎಂದಿದ್ದಳು. ಹೂಂ ಎಂದಿದ್ದ. ಆಕೆ ಅವನಲ್ಲಿ ಕೇಳಿದ ಕೊನೆಯ ಮಾತು ಅದೇ ಆಯಿತು. ಇವತ್ತು ಸೋಮವಾರ. ಆಕೆಯ ತಂಗಿ ಗುರುಬಸಮ್ಮ ಸಿರುಗುಪ್ಪದಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಕುರುಗೋಡಿಗೆ ಹೋಗಿ ದೊಡ್ಡ ಬಸವಣ್ಣನ ದೀಪಕ್ಕೆ ಎಣ್ಣೆ ಹಾಕಬೇಕು. ಅಷ್ಟರೊಳಗೆ ಡಬ್ಬಿಯನ್ನು ಬೆಸೆಯಬೇಕು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟವನಿಗೆ, ತೆಳು ತಗಡು ಎಂದರೆ ಚಿದಾನಂದಪ್ಪನೇ ಎಂದು ಅನ್ನಿಸಿಕೊಂಡವನಿಗೆ, ಇದೊಂದು ಕೆಲಸವೇ? ಅಲ್ಲ. ಅಲ್ಲವೆಂದೇ ಗಣಾರಾಧನೆ ಆದಂದಿನಿಂದ ದಿನಕ್ಕೊಂದು ನೆವ ಹೇಳಿಕೊಂಡು ಗೂಟದಿಂದ ಇಳಿಸದೆ ಇದ್ದ. ಮಂತ್ರ ಎಲ್ಲಿಗೆ ಬಂದಿತ್ತೋ ಮರೆತು ಮೊದಲಿನಿಂದ ಶುರುಮಾಡಿದ.

ಆ ಡಬ್ಬಿ ಅವನೇ ಮಾಡಿದ್ದು. ಯುದ್ಧದ ಕಾಲದಲ್ಲಿ ಮಿಲಿಟರಿಯವರ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಯುದ್ಧ ಮುಗಿದು ಅದು ಮುಚ್ಚಿದಾಗ ಅವರು ಹರಾಜಿಗೆ ಹಾಕಿದ ಗ್ಯಾಸ್ ಹುಟ್ಟಿಸುವ ಕಾರ್ಬೈಡ್ ಡ್ರಮ್ಮು, ರಬ್ಬರ್ ನಳಿಕೆ, ಉರಿ ಬಿಡುವ ಟಾರ್ಚು ತಂದು ಅಂಗಡಿ ತೆರೆದ ದಿನ, ಮೊದಲ ಕೆಲಸ ದೇವರದೇ ಆಗಲಿ ಎಂದು ಉಳಿದಿದ್ದ ತೆಳು ತಗಡನ್ನು ಸುತ್ತಿ ಡಬ್ಬಿ ಮಾಡಿದ. ಪೇಟೆಯವರು ಸುತ್ತ ನಿಂತಿದ್ದರು. ಶಿವಬಸಮ್ಮ ಆರತಿ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ನೆಟ್ಟಗಿನ ಗೆರೆಯನ್ನು ಚೆನ್ನಾಗಿಯೇ ಬೆಸೆದುಕೊಂಡು ಬಂದು, ಅದು ತಳಕ್ಕೆ ಸೇರುವ ಮೂಲೆ ಮುಟ್ಟಿದಾಗ, ತನ್ನ ಕೈಚಳಕವನ್ನು ಹೆಂಡತಿ ನೋಡುತ್ತಿದ್ದಾಳೋ ಇಲ್ಲವೋ ಎಂದು ಕಪ್ಪು ಕನ್ನಡಕದ ಅಂಚಿನಿಂದ ಒಮ್ಮೆ ಬಾಗಿಲ ಕಡೆ ನೋಡಿದ. ಆಕೆ ಆರತಿಗೆ ಗಾಳಿ ಬಡಿಯದಂತೆ ಸೆರಗು ಅಡ್ಡ ಹಿಡಿಯುವುದರಲ್ಲಿದ್ದಳು, ಇವನನ್ನು ನೋಡುತ್ತಿರಲಿಲ್ಲ. ಅಷ್ಟೇ ಹೊತ್ತು ಕೈ ನಿಂತಿತು. ಆ ಮೂಲೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದದ್ದು ಅವನಿಗೆ ಅಂದೇ ಗೊತ್ತು. ಮೊದಲ ಸಲ ಆಕೆ "ಸೋರ್ತೈತಲ್ರಿ" ಎಂದಾಗ, "ಅದು ಸೋರೂದಲ್ಲ, ಎಣ್ಣಿ ಬೆವರೂದು. ಹೊಸಾ ತಗಡು ಹಂಗ," ಎಂದಿದ್ದ. ತಗಡು ಹಳೆಯದಾದ ಮೇಲೆ ಆ ಮಾತು ನಡೆಯಲಿಲ್ಲ. ಆಗ, "ನೀ ಅಡ್ಡಾದಿಡ್ಡಿ ಹಿಡೀತಿ," ಎಂದ. ಆಕೆ ಒಮ್ಮೆ, ಪೇಟೆಯ ಕೊನೆಯಲ್ಲಿ ಸೀಸ ಹಚ್ಚಿಕೊಡುವ ತಗಡಿನವರ ಅಂಗಡಿಗೆ ಒಯ್ಯಲೇ ಎಂದು ಕೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದ. ಚಿದಾನಂದಪ್ಪನ ಹೆಂಡತಿ ಚಿದಾನಂದಪ್ಪ ಬೆಸೆದ ಡಬ್ಬಿಯನ್ನು ಹಿಡಿದುಕೊಂಡು ಸೀಸದವರ ಕಟ್ಟೆಯ ಮೇಲೆ ಕೂತಿರುವುದನ್ನು ಊರು ನೋಡಬೇಕೇ? ಆಮೇಲೆ ಆಕೆ ಕೇಳಲಿಲ್ಲ. ಬಟ್ಟೆ ಒಗೆಯುವ ಸಾಬೂನನ್ನು ಆ ಮೂಲೆಗೆ ಮೆತ್ತಿಕೊಂಡು ಸೋಮವಾರ ಸೋಮವಾರ ಕುರುಗೋಡಿಗೆ ಹೋಗಿ ಬರುತ್ತಿದ್ದಳು.

ಅವನು ಜೊತೆಗೆ ಹೋದದ್ದು ಒಮ್ಮೆ ಮಾತ್ರ. ಗುಡಿಯೊಳಗೆ ಸಾಲು ನಿಂತಿತ್ತು. ಎಲ್ಲರೂ ಕೈ ಮುಗಿದುಕೊಂಡಿದ್ದರು. ಶಿವಬಸಮ್ಮ ಮಾತ್ರ ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ಕಂಬದ ಹಾಗೆ ನಿಂತಿದ್ದಳು. ಪೂಜೆಯ ಹಂಪಯ್ಯನವರು ನೋಡುತ್ತಿದ್ದಾರೆ ಎಂದು ಅವನಿಗೆ ಮೈಯೆಲ್ಲ ಮುಜುಗರವಾಯಿತು. "ದೇವರ ಮುಂದ ಕೈ ಮುಗಿಯಾಕೂ ಕೈ ಬರವಲ್ದೇನು ನಿನಗ?" ಎಂದು ನಾಲ್ಕು ಜನಕ್ಕೆ ಕೇಳುವಂತೆ ಅಂದ. "ಎಣ್ಣಿ ಹಾಕಿಂದ ಮುಗೀತೀನ್ರಿ," ಎಂದಳು ಆಕೆ, ಅವನ ಕಡೆ ತಿರುಗದೆ. ದಾರಿಯುದ್ದಕ್ಕೂ ಅವನು ಭಕ್ತಿ ಎಂದರೇನು ಎಂದು ವಿವರಿಸಿದ್ದ. ಮೈ ಬಾಗದೆ ಮನಸ್ಸು ಬಾಗುವುದಿಲ್ಲ ಎಂದಿದ್ದ. ಆ ವಾಕ್ಯ ತನ್ನದೇ ಎಂದು ಸಂತೋಷಪಟ್ಟು, ಬಳ್ಳಾರಿ ಬರುವಷ್ಟರಲ್ಲಿ ಇನ್ನೊಂದು ಸಲವೂ ಹೇಳಿದ್ದ. ಆಕೆ ಕಿಟಕಿಯಿಂದ ಹತ್ತಿಯ ಹೊಲಗಳನ್ನು ನೋಡುತ್ತಾ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದಳು.

ಲಿಂಗವನ್ನು ಕರಡಿಗೆಯಲ್ಲಿಟ್ಟು, ಶಾಂತಿಯನ್ನು ಮುಖಕ್ಕೆ ಎಳೆದುಕೊಂಡು ಎದ್ದ. ಅದನ್ನು ನೋಡಲು ಮನೆಯಲ್ಲಿ ಯಾರೂ ಇಲ್ಲವೆಂದು ಹೊಸ್ತಿಲ ಬಳಿ ನೆನಪಾಗಿ ನಾಚಿಕೆಯಾಯಿತು. ಡಬ್ಬಿಯನ್ನು ಗೂಟದಿಂದ ಇಳಿಸಿಕೊಂಡು ಅಂಗಡಿಗೆ ನಡೆದ.

ಅಂಗಡಿಯ ಮುಂದೆ ಕುರುಗೋಡಿನ ಬಸ್ಸು ನಿಂತಿತ್ತು. ಡ್ರೈವರ್ ಓಬಣ್ಣ ಬಿಚ್ಚಿದ ಮಡ್‌ಗಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಸೀಳೈತ್ರಿ ಯಜಮಾನ್ರ. ಮಧ್ಯಾಹ್ನದೊಳಗ ಗಾಡಿ ಬಿಡಬೇಕು."

"ಹೋದ ತಿಂಗಳಾ ಬೆಸದಿದ್ನಲ್ಲಪಾ. ಬಸ್ಸು ಓಡಸ್ತೀಯೋ, ಕುಂಟಿ ಹೊಡೀತೀಯೋ?"

"ನೀವು ಬೆಸದದ್ದು ಹಂಗಾ ಐತ್ರಿ. ಅದರ ಬಾಜೂಕ ಸೀಳೈತಿ. ರಸ್ತೆ ನಮ್ಮನ್ನ ಕೇಳಿ ಹದಗೆಡತೈತೇನ್ರಿ? ಮದರಾಸಿನವರು ಇದನ್ನ ಇನ್ನ ಮೈಸೂರಿನವರು ಮಾಡ್ತಾರ ಅಂತಾರ, ಮೈಸೂರಿನವರು ಬಳ್ಳಾರಿ ಇನ್ನಾ ನಮಗ ಸೇರಿಲ್ಲ ಅಂತಾರ. ಎರಡರ ನಡುವ ನನ್ನ ಮಡ್‌ಗಾರ್ಡ್ ಸಿಕ್ಕೊಂಡೈತಿ."

ಚಿದಾನಂದಪ್ಪನಿಗೆ ಹಾಯೆನಿಸಿತು. ಡಬ್ಬಿಯನ್ನು ಮೂಲೆಯಲ್ಲಿಟ್ಟು, ದೇವರ ಕೆಲಸಕ್ಕೆ ಮುಂಚೆ ಜನರ ಕೆಲಸ ಎಂದು ತನಗೇ ಹೇಳಿಕೊಂಡ. ಡ್ರಮ್ಮಿಗೆ ಕಾರ್ಬೈಡ್ ಹಾಕಿದ. ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಬಡಿದೊಡನೆ ಬೆನ್ನು ನೆಟ್ಟಗಾಯಿತು. ಉರಿಯನ್ನು ಸಣ್ಣಗೆ ಮಾಡಿ, ಅದರ ನಡುವೆ ಭತ್ತದ ಕಾಳಿನಂಥ ನೀಲಿ ಮೊನೆ ನಿಂತ ಮೇಲೆ, ಸೀಳಿನ ಎರಡು ತುದಿಗೂ ನಡುವೆಯೂ ಒಂದೊಂದು ಚುಕ್ಕೆ ಬೆಸೆದು ತಗಡು ಸೊಟ್ಟಗಾಗದಂತೆ ಹಿಡಿಸಿದ. ನಂತರ ಟಾರ್ಚನ್ನು ತಗಡಿನ ಮೇಲೆ ಮಲಗಿಸಿದ ಹಾಗೆ ಓರೆ ಮಾಡಿ, ಬಲದಿಂದ ಎಡಕ್ಕೆ, ಎಳ್ಳುಕಾಳಿನ ಸುತ್ತ ಸುತ್ತಿದಷ್ಟೇ ಸಣ್ಣ ಸುತ್ತು ಸುತ್ತುತ್ತಾ ಹೊರಟ. ಎಡಗೈಯ ಬೆಸುಗೆ ಕಡ್ಡಿ ಉರಿಯ ಮುಂದೆ ಮುಂದೆ ಮುಟ್ಟಿ ಮುಟ್ಟಿ ಸರಿಯುತ್ತಿತ್ತು. ಕರಗಿದ ಲೋಹದ ಹನಿ ಹೊಳೆಯುತ್ತಾ ಹಿಂದೆ ಬಂತು. ಅದು ಎಲ್ಲಿ ಸ್ವಲ್ಪ ತಗ್ಗಿದಂತೆ ಕಂಡಿತೋ ಅಲ್ಲಿ ಉರಿಯನ್ನು ರೆಪ್ಪೆ ಬಡಿದಷ್ಟು ಹೊತ್ತು ಮೇಲೆತ್ತಿ ಮತ್ತೆ ಇಳಿಸಿದ.

"ನೋಡು ಓಬಣ್ಣ," ಎಂದ. ಕೆಲಸ ಮಾಡುವಾಗ ಮಾತಾಡುವುದು ಅವನ ಚಟ. "ದಪ್ಪ ಕಬ್ಬಿಣಕ್ಕ ತಾಳ್ಮಿ ಐತಿ. ನೀ ನಿಂತ್ರ ಅದೂ ನಿಲ್ಲತೈತಿ. ತಗಡು ಹಂಗಲ್ಲ. ಒಂದಾ ಕಡೆ ನಿಂತಿ ಅಂದ್ರ ತೂತು. ನಿಧಾನ ಹೋದ್ರೂ ತೂತು. ಭಾಳ ಜೋರು ಹೋದ್ರ ಹಿಡಿಯಂಗಿಲ್ಲ. ನನಗ ಕಲಿಸಿದ ಮೇಸ್ತ್ರಿ ತೆಲುಗಿನ್ಯಾಂವ. ಬೆನ್ನಿಗೆ ನಿಂತು ಆಗೊದ್ದು, ಆಗೊದ್ದು ಅಂತಿದ್ದ. ನಿಲ್ಲಬ್ಯಾಡ ಅಂತ. ಬಾಳೇವನೂ ಹಂಗಾ. ನಿಲ್ಲಬಾರ್ದು."

"ಹೋದ ತಿಂಗಳನೂ ಇದನ್ನಾ ಹೇಳಿದ್ರಿ," ಎಂದ ಓಬಣ್ಣ.

"ಬಾಳೇವು ಬದಲಾಗೇತೇನು ತಿಂಗಳಿಗೆ?"

"ಇಲ್ಲ ಬಿಡ್ರಿ. ನಮಗೇನು, ಬ್ರೇಕ್ ಹಿಡಿಯೂದು ಕಲತ್ರ ಸಾಕು."

ಮಡ್‌ಗಾರ್ಡಿನ ಮೇಲೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸುತ್ತು ಬಿದ್ದ ಗೆರೆ ಸರಾಗವಾಗಿ ಮೂಡಿತ್ತು. ಚಿದಾನಂದಪ್ಪ ಕನ್ನಡಕ ಎತ್ತಿ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಶಿವಬಸಮ್ಮನನ್ನು ಮಣ್ಣಿಗೆ ಕೂಡಿಸಿ ಬಂದ ದಿನವೂ ಬಂದವರ ಮುಂದೆ ಬಾಳು ನಿಲ್ಲಬಾರದು ಎಂದೇ ಅವನು ಹೇಳಿದ್ದ. ಎಲ್ಲರೂ ತಲೆದೂಗಿದ್ದರು. ದೊಡ್ಡ ಮನಸ್ಸು ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿ, ಇನ್ನೊಮ್ಮೆ ಹೇಳಿದರೆ ಹೇಗೆ ಎಂದೂ ಅನ್ನಿಸಿತ್ತು.

ಇನ್ನು ನೆವ ಉಳಿದಿರಲಿಲ್ಲ. ಡಬ್ಬಿಯನ್ನು ಸೋಡಾ ಹಾಕಿದ ಬಿಸಿನೀರಿನಿಂದ ಎರಡೆರಡು ಸಲ ತೊಳೆದ. ಎಣ್ಣೆಯ ಜಿಡ್ಡು ಬಿಟ್ಟಿತು. ಮುಚ್ಚಳ ತೆಗೆದು, ತಳ ಮೇಲಾಗುವಂತೆ ಇಟ್ಟಿಗೆಗಳ ಮೇಲೆ ಕವುಚಿದ. ಆ ಮೂಲೆಯಲ್ಲಿ ಮೆತ್ತಿದ್ದ ಸಾಬೂನು ಮಾತ್ರ ಎಷ್ಟೋ ಸಲ ಒಣಗಿ ಎಷ್ಟೋ ಸಲ ಮೇಲೆ ಮೇಲೆ ಮೆತ್ತಿಸಿಕೊಂಡು ಗಟ್ಟಿಯಾಗಿ ಅಂಟಿಕೊಂಡಿತ್ತು. ಕೆರೆಯಲೆಂದು ಉಳಿ ಹಿಡಿದವನು ಬಗ್ಗಿ ನೋಡಿದ. ಸಾಬೂನಿನ ನಡುವೆ ಒಂದು ಸಣ್ಣ ಗುಳಿಯಿತ್ತು. ಹೆಬ್ಬೆರಳಿನ ಗುಳಿ. ಬೆರಳ ಗೆರೆಗಳು ಕೂಡ ಸಣ್ಣಗೆ ಉಳಿದಿದ್ದವು. ಬೆಸೆಯುವ ಜಾಗವನ್ನು ಲೋಹ ಹೊಳೆಯುವ ತನಕ ಕೆರೆಯಬೇಕೆಂಬುದು ಈ ಕೆಲಸದ ಮೊದಲ ಪಾಠ. ಕೆರೆಯದೆ ತಂದವರನ್ನು ಅವನು ಅಂಗಡಿಯಿಂದ ಹೊರಗೆ ಕಳಿಸಿದ್ದುಂಟು. ಉಳಿ ಒಮ್ಮೆ ಹತ್ತಿರ ಹೋಯಿತು, ತಿರುಗಿ ಬಂತು. ಉರಿ ತಾಗಿದರೆ ತಾನೇ ಸುಟ್ಟು ಹೋಗುತ್ತದೆ, ಕೆರೆಯುವುದೇಕೆ ಎಂದು ತನ್ನೊಳಗೇ ತರ್ಕ ಮಾಡಿದ. ತರ್ಕ ಮಾಡುವಾಗ ಅವನ ಧ್ವನಿ ಯಾವಾಗಲೂ ಗಂಭೀರವಾಗುತ್ತಿತ್ತು, ಒಳಗೂ ಹಾಗೆಯೇ ಆಯಿತು.

ಕನ್ನಡಕ ಇಳಿಸಿದ. ಉರಿಯನ್ನು ಮಡ್‌ಗಾರ್ಡಿಗಿಂತಲೂ ಸಣ್ಣ ಮಾಡಿದ. ಹಳೆಯ ಗೆರೆಯಗುಂಟ ಸುತ್ತು ಸುತ್ತುತ್ತಾ ಬಂದ; ಕೈ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಮೂಲೆ ಮುಟ್ಟಿದಾಗ ಸಾಬೂನು ಮೊದಲು ಬೆವರಿ, ನೊರೆಯೆದ್ದು, ಚಿಟಿಚಿಟಿ ಎಂದಿತು. ಒಗೆಯುವ ಕಲ್ಲಿನ ವಾಸನೆ ಎದ್ದಿತು. ಹಿತ್ತಲು, ಒದ್ದೆ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಬಗ್ಗಿದ ಬೆನ್ನು, ಆ ಬೆನ್ನಿಗೆ ತಾನು ಎಂದೂ ಹೇಳದ ಯಾವುದೋ ಮಾತು; ಗುಳಿ ಕರಗಿ ಸಮವಾಗುತ್ತಿತ್ತು. ಅದು ಹೋಗುವುದನ್ನು ಅವನು ನೋಡಿದ. ನೋಡುತ್ತಾ ನಿಂತ. ಆಗೊದ್ದು ಎಂದು ಮೇಸ್ತ್ರಿ ಬೆನ್ನ ಹಿಂದೆ ಎಲ್ಲೋ ಹೇಳುತ್ತಿದ್ದಂತಿತ್ತು. ಹನಿ ಬೆಳ್ಳಗಾಗಿ, ತಗ್ಗಿ, ಡಬ್ಬಿಯೊಳಕ್ಕೆ ಬಿದ್ದುಹೋಯಿತು.

ಹುಣಸೆಬೀಜದಷ್ಟು ತೂತಾಗಿತ್ತು. ಹೊಸಬರು ಇಂಥಲ್ಲಿ ಕಡ್ಡಿ ತುರುಕಿ ಮುಚ್ಚಲು ಹೋಗಿ ತೂತನ್ನು ಇನ್ನೂ ದೊಡ್ಡದು ಮಾಡುತ್ತಾರೆ ಎಂದು ನಗುತ್ತಿದ್ದವನು, ಕಡ್ಡಿ ತುರುಕಿ ಮುಚ್ಚಲು ಹೋದ. ಸುತ್ತಲಿನ ಅಂಚು ಕೆಂಪಾಗಿ, ಕಾಗದ ಸುಟ್ಟಂತೆ ಹಿಂದೆ ಸರಿಯಿತು. ತೂತು ಈಗ ಹೆಬ್ಬೆರಳಿನ ತುದಿಯಷ್ಟಾಯಿತು. ಉರಿಯನ್ನು ಆರಿಸಿದ. ಪಕ್ಕದಲ್ಲಿ ನಿಂತಿದ್ದ ಓಬಣ್ಣ ಒಂದು ತಮಾಷೆಯ ಮಾತಾಡಿದ್ದರೆ ಬದುಕಿಕೊಳ್ಳಬಹುದಿತ್ತು. ಅವನು ಬೀಡಿಯನ್ನು ಕಿವಿಯ ಮೇಲಿಟ್ಟು, "ತಗಡು ಹಳೇದಾಗಿತ್ತು ಬಿಡ್ರಿ," ಎಂದು ಮೆಲ್ಲಗೆ ಹೇಳಿ, ಮಡ್‌ಗಾರ್ಡ್ ಎತ್ತಿಕೊಂಡು ಹೋದ.

ಗುರುಬಸಮ್ಮ ಬಂದಾಗ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಸ್ಸಿನ ಧೂಳು ಒರೆಸಿಕೊಳ್ಳುತ್ತಾ ಒಳಗೆ ಬಂದವಳು ಡಬ್ಬಿಯನ್ನು ತೆಗೆದುಕೊಂಡು ತಿರುಗಿಸಿ, ತೂತಿನಿಂದ ಬೀದಿಯನ್ನು ನೋಡಿದಳು.

"ಏನ್ರಿ ಭಾವ, ಬೆಸದೀರೋ, ಬಾಗಲಾ ಇಟ್ಟೀರೋ?"

"ಹಿತ್ತಾಳಿ ಚೆಂಬಿನ್ಯಾಗ ಒಯ್ಯೂಣು," ಎಂದ. "ದೇವರಿಗೆ ಎಣ್ಣಿ ಮುಖ್ಯ. ಪಾತ್ರಿ ಯಾವುದಾದ್ರೇನು. ಭಾವನಾ ಇರಬೇಕು."

"ಭಾವನಾ ನೀವು ಇಟ್ಕೊರ್ರಿ. ಅಕ್ಕ ಡಬ್ಬ್ಯಾಗ ಅಂದಾಳ, ಡಬ್ಬ್ಯಾಗಾ ಹೋಗತೈತಿ."

"ತಗಡಿನವರ ಹಂತೇಲಿ ಹೋಗಿ ಸೀಸ ಹಚ್ಚಿಸಿಕೊಂಡು ಬಾ ಹಂಗಾದ್ರ," ಎಂದ. ಆ ಮಾತು ಬಾಯಿಂದ ಇಷ್ಟು ಸುಲಭವಾಗಿ ಹೊರಟದ್ದಕ್ಕೆ ಅವನೇ ಬೆರಗಾದ.

"ಈಟು ದೊಡ್ಡ ತೂತಿಗೆ ಸೀಸ ನಿಲ್ಲತೈತೇನ್ರಿ? ಮೊದಲಿನ ತೂತಿಗೆ ಹಚ್ಚಿಸಿದ್ರ ನಿಲ್ಲತಿತ್ತು." ಅವಳು ಚೀಲದಿಂದ ಒಂದು ಸಾಬೂನಿನ ತುಂಡು ತೆಗೆದಳು. ಸಿರುಗುಪ್ಪದಿಂದಲೇ ತಂದಿದ್ದಳು, ಭಾವ ಬೆಸೆದಿರುತ್ತಾನೆ ಎಂಬ ಭರವಸೆ ಅವಳಿಗೂ ಇರಲಿಲ್ಲವೆಂದಾಯಿತು. ನೀರಿನಲ್ಲಿ ಮೆತ್ತಗೆ ಮಾಡಿ, ಬಟ್ಟೆಯ ಚೂರಿನಲ್ಲಿ ಸುತ್ತಿ ತೂತಿಗೆ ತುರುಕಿದಳು. "ಹ್ಞಾಂ. ಇಲ್ಲಿ ಹೆಬ್ಬೆಟ್ಟು ಇಡ್ರಿ. ಗಟ್ಟಿ ಒತ್ತಬ್ಯಾಡ್ರಿ, ಒಳಗ ಬೀಳತೈತಿ. ಸಡಲಾನೂ ಬಿಡಬ್ಯಾಡ್ರಿ. ಬಲಗೈಲೆ ಹೆಬ್ಬೆಟ್ಟು, ಎಡಗೈಲೆ ಮ್ಯಾಲೆ ಹಿಡೀರಿ."

"ನಿಂಗ ಹೆಂಗ ಗೊತ್ತು ಇದು?"

"ಅಕ್ಕ ಕಲಿಸ್ಯಾಳ. ನಿಮಗ ಮೇಸ್ತ್ರಿ ಕಲಿಸಿದಂಗ."

ಪೇಟೆಯ ಎಣ್ಣೆ ಅಂಗಡಿಯಲ್ಲಿ ಕುಸುಬಿ ಎಣ್ಣೆ ತುಂಬಿಸಿ ಬಸ್ಸು ಹತ್ತಿದರು. ಗುರುಬಸಮ್ಮ ಮುಂದೆ ಹೆಂಗಸರ ಸೀಟಿಗೆ ಹೋಗುವಾಗ ಕೊಡಿ ಎನ್ನುತ್ತಾಳೆಂದು ಡಬ್ಬಿಯನ್ನು ಚಾಚಿದ. "ನೀವಾ ಹಿಡೀರಿ. ನಿಮ್ಮ ಕೈಕೆಲಸ," ಎಂದು ಅವಳು ಹೋಗಿ ಕೂತಳು. ಕಂಡಕ್ಟರ್ ಬಂದಾಗ ಜೇಬಿಗೆ ಕೈ ಹಾಕಲಾಗದೆ, "ಆಕೀ ಹಂತೇಲಿ ತಗೋ," ಎಂದು ತಲೆಯಲ್ಲೇ ತೋರಿಸಿದ. ಪಂಚೆಯ ಮೇಲೆ ಮೊದಲ ಹನಿ ಬಿತ್ತು. ಬಸ್ಸು ಕುಲುಕಿದಾಗ ಮೇಲಿನ ಕಂಬಿಯನ್ನು ಹಿಡಿಯಲಾಗದೆ ಪಕ್ಕದ ರೈತನ ಹೆಗಲ ಮೇಲೆ ಒರಗಿದ. ರೈತ ಅವನ ಹಣೆಯ ವಿಭೂತಿಯನ್ನೂ ಪಂಚೆಯ ಕಲೆಯನ್ನೂ ನೋಡಿ, "ಮುದ್ಯಾರು ಅದೀರಿ, ಕುಂದರ್ರಿ," ಎಂದು ಎದ್ದು ಜಾಗ ಕೊಟ್ಟ. ಮೂಗಿನ ಮೇಲೆ ನೊಣ ಕೂತಿತು. ಓಡಿಸುವಂತಿರಲಿಲ್ಲ. ಮುಖವನ್ನು ಅತ್ತ ಇತ್ತ ತಿರುಗಿಸಿದ. ಎದುರಿಗೆ ಕೂತ ಮುದುಕಿಯೊಬ್ಬಳು ಅದನ್ನು ತನಗೆ ಮಾಡಿದ ಸನ್ನೆ ಎಂದು ತಿಳಿದು ಸೆರಗು ಎಳೆದುಕೊಂಡಳು. ಹೆಬ್ಬೆರಳು ಮೊದಲು ಜುಮುಗುಟ್ಟಿ, ಆಮೇಲೆ ನೋಯತೊಡಗಿ, ಆಮೇಲೆ ತನ್ನದಲ್ಲವೆನ್ನುವಂತಾಯಿತು. ಸುತ್ತು ಸುತ್ತುತ್ತಾ ಇರುವುದೊಂದೇ ಆ ಕೈಗೆ ಗೊತ್ತಿತ್ತು. ಒಂದೆಡೆ ಇಟ್ಟು ಹಿಡಿದರೆ ಇಷ್ಟು ದಣಿಯುತ್ತದೆಂದು ಗೊತ್ತಿರಲಿಲ್ಲ. ಓಬಣ್ಣ ಕನ್ನಡಿಯಲ್ಲಿ ಅವನನ್ನು ನೋಡಿ, ಕುಳಿಗಳ ಬಳಿ ಎಂದಿಲ್ಲದಷ್ಟು ನಿಧಾನ ಮಾಡಿದ. ಬೆಸೆದ ಮಡ್‌ಗಾರ್ಡ್ ಒಂದಿಷ್ಟೂ ಅದುರದೆ ಕೂತಿತ್ತು.

ಗುಡಿಯೊಳಗೆ ಸೋಮವಾರದ ಸಾಲು ಉದ್ದವಾಗಿತ್ತು. ಎಣ್ಣೆ ಮಣಿಕಟ್ಟಿನಿಂದ ಇಳಿದು ಮೊಣಕೈ ತನಕ ಬಂದಿತ್ತು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದರೆ ಸ್ವಲ್ಪ ಕಡಿಮೆ ಸೋರುತ್ತದೆ ಎಂದು ತಾನಾಗಿಯೇ ತಿಳಿದು ಹಾಗೆ ಹಿಡಿದ. ಮುಂದೆ, ಮಬ್ಬಿನಲ್ಲಿ, ದೊಡ್ಡ ಬಸವಣ್ಣ ಎಲ್ಲರ ತಲೆಗಿಂತ ಎತ್ತರಕ್ಕೆ ಕೂತಿತ್ತು. ಘಂಟೆ ಬಾರಿಸಿದರು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಕೈ ಮುಗಿದರು. ಗುರುಬಸಮ್ಮನೂ ಮುಗಿದಳು. ಚಿದಾನಂದಪ್ಪನ ಎರಡು ಕೈಯೂ ಮುಗಿಯಲೆಂದು ಎದ್ದವು; ಹೆಬ್ಬೆರಳು ಸಡಿಲವಾಗುತ್ತಲೇ ಎಣ್ಣೆ ಜರ್ರನೆ ಅಂಗಿಯೊಳಕ್ಕೆ ಇಳಿಯಿತು. ಮತ್ತೆ ಒತ್ತಿ ಹಿಡಿದ. ಒತ್ತಿ ಹಿಡಿದವನು ಕಂಬದ ಹಾಗೆ ನಿಂತ.

ಪಕ್ಕದ ಕಂಬದ ಬಳಿ, ಅವನ ಬಲಕ್ಕೆ, ಅಂದು ಶಿವಬಸಮ್ಮ ಹೀಗೇ ನಿಂತಿದ್ದಳು. ಮೈ ಬಾಗದೆ ಮನಸ್ಸು ಬಾಗುವುದಿಲ್ಲ ಎಂದದ್ದು ಇಲ್ಲಿಂದ ಹೊರಟ ಮೇಲೆ, ಬಸ್ಸಿನಲ್ಲಿ. ಎರಡು ಸಲ ಅಂದಿದ್ದ. ಸೆರಗಿನಿಂದ ಆಕೆ ಒರೆಸಿಕೊಳ್ಳುತ್ತಿದ್ದ ಬೆರಳು ಯಾವುದೆಂದು ಆಗ ನೋಡಿರಲಿಲ್ಲ.

ಹಂಪಯ್ಯನವರು ಆರತಿ ಹಿಡಿದು ಸಾಲಿನ ಉದ್ದಕ್ಕೂ ಬಂದರು. ಈಗ ಅವರಿಗೂ ವಯಸ್ಸಾಗಿತ್ತು. ಚಿದಾನಂದಪ್ಪನ ಮುಂದೆ ನಿಂತು, ಗುರುತು ಹಿಡಿದು, ಅವನ ಕೈಗಳನ್ನು ನೋಡಿ, ಎಲ್ಲರಿಗೂ ಕೇಳುವಂತೆಯೇ ಅಂದರು: "ಚಿದಾನಂದಪ್ಪ, ದೇವರ ಮುಂದ ನಿಂತೀರಿ. ಕೈ ಮುಗೀರಿ."

ಸಾಲು ತಿರುಗಿ ನೋಡಿತು. ಗುರುಬಸಮ್ಮ ಬಾಯಿ ತೆರೆದಳು, ಡಬ್ಬಿ ತೂತಾದದ್ದನ್ನು ಹೇಳಲು. ಅವನು ಬೇಡವೆಂದು ತಲೆಯಾಡಿಸಿದ. ಸಮಜಾಯಿಷಿ ಕೊಡುವುದರಲ್ಲಿ ಅವನನ್ನು ಮೀರಿಸಿದವರು ಬ್ರೂಸ್‌ಪೇಟೆಯಲ್ಲೇ ಇರಲಿಲ್ಲ. ಈಗ ಬಾಯಿಗೆ ಬಂದ ಮಾತು ಅವನದಾಗಿರಲಿಲ್ಲ.

"ಎಣ್ಣಿ ಹಾಕಿಂದ ಮುಗೀತೀನ್ರಿ," ಎಂದ, ಯಾರ ಕಡೆಗೂ ತಿರುಗದೆ.

ಹಂಪಯ್ಯನವರು ಮುಂದಿನವರ ಕಡೆ ಹೋದರು. ಸಾಲು ಒಂದು ಹೆಜ್ಜೆ ಸರಿದು ಮತ್ತೆ ನಿಂತಿತು. ಅವನೂ ಸರಿದು ನಿಂತ. ಹೆಬ್ಬೆರಳನ್ನು ಇಟ್ಟಲ್ಲಿಂದ ಅಲುಗಿಸಲಿಲ್ಲ.